ಅಕ್ಕಲಕೋಟೆಯ ಶಸ್ತ್ರಾಗಾರದಲ್ಲಿ ಮೊಮ್ಮಕ್ಕಳು

ಸೋಲಾಪುರದಿಂದ ಅಕ್ಕಲಕೋಟೆ ಸುಮಾರು 40 ಕಿ.ಮೀ. ರೈಲಿನಲ್ಲಿ ಹೋಗುವವರು ಒಂದು ಮಾತು ನೆನಪಿಡಬೇಕು: ಅಕ್ಕಲಕೋಟೆ ರೋಡ್ ಸ್ಟೇಶನ್ನಿನಿಂದ ಊರು ಇನ್ನೂ ಹತ್ತು ಕಿ.ಮೀ. ದೂರ. ಚಿಕ್ಕ ಮಕ್ಕಳಿದ್ದರೆ ಬಸ್ಸೇ ಮೇಲು. ಗುರುವಾರ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರಿಂದ ಊರು ತುಂಬಿರುತ್ತದೆ, ಆ ದಿನ ಬೇಡ. ಬುತ್ತಿಗೆ ನಾವು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆವು. ಚಟ್ನಿ ಮನೆಯದೇ, ಪೇಟೆಯದರಲ್ಲಿ ಬೆಳ್ಳುಳ್ಳಿ ಬಿದ್ದಿರುತ್ತದೆ.

ಮಕ್ಕಳು ನೋಡಬೇಕೆಂದದ್ದು ಭೋಸಲೆ ಅರಸರ ಶಸ್ತ್ರಾಗಾರ. ಕತ್ತಿ, ಭರ್ಚಿ, ಢಾಲು, ಕಠಾರಿ, ಬಂದೂಕು, ಎಲ್ಲವೂ ಸಾಲು ಸಾಲು. ಮೊಮ್ಮಗ ಎಣಿಸಲು ಹೋಗಿ ಎಪ್ಪತ್ತರ ಮೇಲೆ ತಪ್ಪಿದ. ಆಮೇಲೆ, "ಅಜ್ಜಾ, ಇವುಗಳಿಂದ ಎಷ್ಟು ಮಂದಿ ಸತ್ತಾರ?" ಎಂದ. ಇರುವೆ ತುಳಿಯಬೇಡ ಎಂದು ಕಲಿಸಿದ ಮನೆಯ ಕೂಸಿಗೆ ಏನು ಹೇಳುವುದು?

ನಾವು ಸಂಸ್ಥಾನದ ಮೂಲ ಕಥೆ ಹೇಳಿದೆವು. 1707ರಲ್ಲಿ ಮೊಗಲರ ಸೆರೆಯಿಂದ ಬಿಡುಗಡೆಯಾಗಿ ಬರುತ್ತಿದ್ದ ಶಾಹೂ ಮಹಾರಾಜರ ದಂಡಿಗೂ ಪಾರದ ಎಂಬ ಊರಿನ ಪಾಟೀಲರಿಗೂ ಕಾದಾಟವಾಗಿ ಪಾಟೀಲರು ಮಡಿದರು. ಅವರ ಹೆಂಡತಿ ಎಳೆಯ ಮಗ ರಾಣೋಜಿಯನ್ನು ತಂದು ಶಾಹೂರವರ ಮುಂದೆ ಹಾಕಿದಳಂತೆ. ಗೆದ್ದವರೇ ಆ ಕೂಸನ್ನು ಎತ್ತಿಕೊಂಡರು. ಮಗನಂತೆ ಸಾಕಿ, ಫತೇಸಿಂಹ ಭೋಸಲೆ ಎಂದು ಹೆಸರಿಟ್ಟು, ಮುಂದೆ ಅಕ್ಕಲಕೋಟೆಯನ್ನು ಕೊಟ್ಟರು. 1948ರಲ್ಲಿ ಸಂಸ್ಥಾನ ವಿಲೀನವಾಗುವವರೆಗೆ ಆ ಮನೆತನವೇ ಆಳಿತು.

ಹುಡುಗನಿಗೆ ಸಮಾಧಾನವಾಯಿತು. ಹೊತ್ತು ಮುಳುಗುವುದರೊಳಗೆ ಊಟವಾಗಬೇಕೆಂದು ಬೇಗ ಬಸ್ಸು ಹಿಡಿದೆವು. ಐದು ವರ್ಷದ ಮೊಮ್ಮಗಳು ಮಾತ್ರ ಸೋಲಾಪುರದವರೆಗೂ ಒಂದೇ ಮಾತು ಕೇಳುತ್ತಿದ್ದಳು: "ಅಜ್ಜಾ, ಆ ಕೂಸಿನ ಅವ್ವ ಆಮೇಲೆ ಎಲ್ಲಿ ಹೋದಳು?"