ಮೋಟಾರಿನಲ್ಲೊಂದು ನಿಸ್ತಂತು ಯಂತ್ರ

ನಿವೃತ್ತರಾದ ಉಪಾಧ್ಯಾಯರು ಕಾಲಕ್ಷೇಪಕ್ಕಾಗಿ ಪುರಾಣಶ್ರವಣವನ್ನೋ ಹೂದೋಟವನ್ನೋ ಹಿಡಿಯುವುದು ಲೋಕರೂಢಿ. ನಾವಾದರೋ ಹವ್ಯಾಸಿ ರೇಡಿಯೋ ಪರೀಕ್ಷೆಗೆ ಕುಳಿತೆವು. “ಇಷ್ಟು ವರ್ಷ ಮಕ್ಕಳ ಉತ್ತರಗಳನ್ನು ತಿದ್ದಿದ್ದು ಸಾಲದೆಂದು ಈಗ ನೀವೇ ಬರೆಯಹೊರಟಿರಾ?” ಎಂದು ನಮ್ಮ ಗೃಹಿಣಿ ಕೇಳಿದಳು. ಪ್ರಶ್ನೆ ನ್ಯಾಯವಾದುದೇ. ಅದರ ಉತ್ತರವನ್ನು ವಾಚಕರಲ್ಲಿಯೂ ಬಿನ್ನವಿಸುವೆವು.

೨೦೧೮ನೆಯ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಅತಿವೃಷ್ಟಿಯಿಂದ ಗುಡ್ಡಗಳು ಕುಸಿದು, ದಾರಿಗಳು ಮುರಿದು, ಜನರು ಮನೆಮಠಗಳನ್ನು ಕಳೆದುಕೊಂಡುದು ಎಲ್ಲರಿಗೂ ತಿಳಿದ ಸಂಗತಿ. ನಮ್ಮ ಮಗಳೂ ಅಳಿಯನೂ ಮಡಿಕೇರಿಯ ಬಳಿಯ ತೋಟವೊಂದರಲ್ಲಿ ವಾಸವಾಗಿದ್ದಾರೆ. ಮೂರು ದಿನಗಳ ಕಾಲ ಅವರ ಸುದ್ದಿಯೇ ಇಲ್ಲ. ಗೋಪುರಕ್ಕೆ ವಿದ್ಯುತ್ತು ತಪ್ಪಿದೊಡನೆ ಕೈಯ ಫೋನು ಮೂಕವಾಗುವುದೆಂಬುದನ್ನು ಆಗ ಮನಗಂಡೆವು. ನಾಲ್ಕನೆಯ ದಿನ ಕ್ಷೇಮವಾರ್ತೆ ಬಂದಿತು. ಆದರೆ ಆ ಮೂರು ರಾತ್ರಿಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಕಣ್ಣುಮುಚ್ಚಲಿಲ್ಲ.

ಆಮೇಲೆ ಹಳೆಯ ಶಿಷ್ಯನೊಬ್ಬನು ಬಂದು, “ಮೇಷ್ಟ್ರೇ, ನಮ್ಮ ಯಂತ್ರಕ್ಕೆ ಗೋಪುರದ ಹಂಗಿಲ್ಲ. ಒಂದು ಬ್ಯಾಟರಿ, ಒಂದು ತಂತಿ ಇದ್ದರಾಯಿತು” ಎಂದನು. ೨೦೦೪ನೆಯ ಡಿಸೆಂಬರ್ ೨೬ರಂದು ಸುನಾಮಿ ಅಪ್ಪಳಿಸಿದಾಗ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಎಂಬಾಕೆಯೂ ಸಂಗಡಿಗರೂ ಇಂತಹ ಯಂತ್ರದಿಂದಲೇ ದ್ವೀಪದವರ ಸಮಾಚಾರವನ್ನು ಹೊರನಾಡಿಗೆ ಮುಟ್ಟಿಸಿದರೆಂದೂ ವಿವರಿಸಿದನು. ನಿವೃತ್ತಿಯಾದೊಡನೆ ನಾವು ಅವನಿಗೇ ಶಿಷ್ಯರಾದೆವು.

ಕೇಂದ್ರ ಸರ್ಕಾರದವರು ನಡೆಸಿದ ಪರೀಕ್ಷೆಯಲ್ಲಿ ರೇಡಿಯೋ ಶಾಸ್ತ್ರವೊಂದು, ನಿಯಮಾವಳಿಯೊಂದು. ಮೇಲಿನ ದರ್ಜೆ ಬೇಕೆಂಬವರಿಗೆ ಮೋರ್ಸ್ ಸಂಕೇತವೂ ಉಂಟು. ಎಲ್ಲರೂ ಅಂಜುವ ಈ ಮೋರ್ಸೇ ನಮಗೆ ಆಪ್ತವಾಯಿತು. ಚುಕ್ಕೆಗೆ ಒಂದು ಕಾಲ, ಗೆರೆಗೆ ಮೂರು ಕಾಲ. ವ್ಯಾಕರಣದ ಹ್ರಸ್ವ ಪ್ಲುತಗಳ ಪ್ರಮಾಣವೂ ಇದೇ. ಚುಕ್ಕೆಯನ್ನು ಲಘುವೆಂದೂ ಗೆರೆಯನ್ನು ಗುರುವೆಂದೂ ಭಾವಿಸಿದರೆ, ಮೂರು ಚಿಹ್ನೆಗಳ ಇಂಗ್ಲಿಷ್ ಅಕ್ಷರಗಳು ಎಂಟೇ. ನಮ್ಮ ಗಣಗಳೂ ಎಂಟೇ. ಯಗಣವೇ ‘ಡಬ್ಲ್ಯೂ’, ರಗಣವೇ ‘ಕೆ’. ಆಪತ್ಕಾಲದ ‘ಎಸ್ ಓ ಎಸ್’ ಎಂಬ ಮೊರೆಯು ನಗಣ, ಮಗಣ, ನಗಣ! ಶಾಲೆಯ ಹುಡುಗರ ಪಕ್ಕದಲ್ಲಿ ಕುಳಿತು ಬರೆದು ತೇರ್ಗಡೆಯಾದೆವು. ಲೈಸೆನ್ಸು ಕೈಸೇರಲು ಮಾತ್ರ ತಿಂಗಳುಗಟ್ಟಲೆ ಕಾಯಬೇಕಾಯಿತು. ಅದಿಲ್ಲದೆ ಪ್ರೇಷಕ ಯಂತ್ರವನ್ನು ಇಟ್ಟುಕೊಳ್ಳುವುದು ಅಪರಾಧ. ಅದಿದ್ದರೂ ವ್ಯಾಪಾರದ ಮಾತು, ಗೂಢಭಾಷೆ ಇವೆರಡೂ ನಿಷಿದ್ಧ.

ಇನ್ನು ಮೋಟಾರಿಗೆ ಯಂತ್ರವನ್ನು ಆರಿಸುವ ವಿಚಾರ. ಕೈಯಲ್ಲಿ ಹಿಡಿಯುವ ಯಂತ್ರದ ಬಲ ಸಾಮಾನ್ಯವಾಗಿ ೫ ವಾಟ್. ಗಾಡಿಗೆ ಕೂರಿಸುವುದರದು ೨೫ರಿಂದ ೫೦. ಅಂಗಡಿಯವರು ಎರಡು ಪಟ್ಟಿಗಳ, ಬಣ್ಣದ ತೆರೆಯ, ನೂರಾರು ಆದೇಶಗಳ ಯಂತ್ರವನ್ನು ಹೊಗಳಿದರು. ನಾವು ಎರಡು ಮೀಟರ್ ಅಲೆಯ, ಅಂದರೆ ೧೪೪ರಿಂದ ೧೪೬ ಮೆಗಾಹರ್ಟ್ಸಿನ, ಒಂದೇ ಪಟ್ಟಿಯ ಯಂತ್ರವನ್ನು ಕೊಂಡೆವು. ಅದರ ಗುಂಡಿಗಳು ದೊಡ್ಡವು. ಕನ್ನಡಕವಿಲ್ಲದೆಯೂ ಅಂಕಿ ಕಾಣುವುದು. ನಮ್ಮ ದರ್ಜೆಗೆ ವಿಧಿಸಿದ ಮಿತಿಗೆ ಬಲವನ್ನು ತಗ್ಗಿಸಲೂಬಹುದು. ಕತ್ತಲೆಯಲ್ಲಿ, ಮಳೆಯಲ್ಲಿ, ನಡುಗುವ ಕೈಗೆ ಒದಗುವುದೇ ಒಳ್ಳೆಯ ಯಂತ್ರವೆಂಬುದು ನಮ್ಮ ಮತ.

ಯಂತ್ರಕ್ಕಿಂತಲೂ ಆಂಟೆನಾ ಮುಖ್ಯವೆಂದು ಶಿಷ್ಯನು ಪದೇಪದೇ ಹೇಳಿದನು. ಈ ಅಲೆಗೆ ಅದರ ಕಾಲು ಭಾಗವಾದ ಅರ್ಧ ಮೀಟರಿನಷ್ಟು ಕಡ್ಡಿ ಸಾಕು. ಅದನ್ನು ಛಾವಣಿಯ ನಡುವೆ ನಿಲ್ಲಿಸಿದರೆ ಕೆಳಗಣ ತಗಡೇ ಅದರ ಇನ್ನೊಂದು ಅರ್ಧವಾಗಿ ಕೆಲಸ ಮಾಡುವುದು. ೫೦ ವಾಟಿನ ಯಂತ್ರವು ಮಾತನಾಡುವಾಗ ಹತ್ತು ಆಂಪಿಯರಿಗೂ ಮಿಕ್ಕಿ ವಿದ್ಯುತ್ತನ್ನು ಎಳೆಯಬಲ್ಲದು. ಆದುದರಿಂದ ಸಿಗರೇಟು ಹಚ್ಚುವ ಕುಳಿಯನ್ನು ನಂಬದೆ, ಬ್ಯಾಟರಿಯಿಂದಲೇ ದಪ್ಪ ತಂತಿಗಳನ್ನೆಳೆದು, ಬ್ಯಾಟರಿಯ ಸಮೀಪದಲ್ಲಿ ಫ್ಯೂಸು ಹಾಕಿಸಬೇಕು. ಓಡುವ ಗಾಡಿಯಲ್ಲಿ ನಾವು ಕೇಳುತ್ತೇವೆಯೇ ಹೊರತು ಮಾತನಾಡುವುದಿಲ್ಲ. ನಿಲ್ಲಿಸಿದ ಮೇಲೆಯೇ ಮಾತು.

ಇಷ್ಟಾದರೂ ಬೆಟ್ಟ ಬೆಟ್ಟವೇ. ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವವಾದುದರಿಂದ ಕಣಿವೆಯಲ್ಲಿ ನಿಂತು ಕೂಗಿದರೆ ಫಲ ಕಡಿಮೆ. ಕಳೆದ ಮಳೆಗಾಲದಲ್ಲಿ ಮಗಳ ಊರಿನ ದಾರಿಯಲ್ಲಿ, ತಗ್ಗಿನಲ್ಲಿ ನಿಂತು ಕರೆದಾಗ ಬರಿಯ ಗೊರಗೊರ ಶಬ್ದ. ಒಂದು ದಿಣ್ಣೆಯನ್ನೇರಿ ಕರೆದಾಗ ಕಾಣದ ಸ್ನೇಹಿತರೊಬ್ಬರು ಸ್ಫುಟವಾಗಿ ಉತ್ತರವಿತ್ತರು. ಫೋನಿನಲ್ಲಿ ಆಗ ಒಂದು ಗೆರೆಯೂ ಇರಲಿಲ್ಲ.

ಆದರೆ ತೋಟದ ಮನೆಯಲ್ಲಿ ಕೇಳುವ ಕಿವಿಯೂ ಉತ್ತರಿಸುವ ಅಧಿಕಾರವೂ ಇಲ್ಲದಿದ್ದರೆ ನಮ್ಮ ಛಾವಣಿಯ ಕಡ್ಡಿಯಿಂದೇನು ಪ್ರಯೋಜನ? ಇದನ್ನು ಮಗಳಿಗೆ ಹೇಳಿದಾಗ ಅವಳು ನಗಲಿಲ್ಲ. “ಆ ಪುಸ್ತಕ ಕೊಟ್ಟು ಹೋಗಿ ಅಪ್ಪಾ” ಎಂದಳು. ಈಗ ಭಾನುವಾರ ಸಾಯಂಕಾಲ ಫೋನಿನಲ್ಲಿಯೇ ಅವಳಿಗೆ ಪಾಠವಾಗುತ್ತಿದೆ. ಓಮನ ನಿಯಮದವರೆಗೆ ಬಂದಿದ್ದೇವೆ. ಇಂತಹ ಯಂತ್ರವನ್ನು ಕೊಳ್ಳಬಯಸುವ ಗೃಹಸ್ಥರೂ ಹಣ ತೆರುವ ಮೊದಲು, ಅತ್ತಕಡೆಯಲ್ಲಿ ಪರೀಕ್ಷೆಗೆ ಕೂರುವವರು ಯಾರೆಂಬುದನ್ನು ನಿಶ್ಚಯಿಸಿಕೊಳ್ಳಬೇಕಾಗಿ ಪ್ರಾರ್ಥನೆ.