ಧನ, ದನ ಮತ್ತು ದುನಿಯಾ

'ದನ' ಎಂಬ ಶಬ್ದದ ಮೊದಲಕ್ಷರಕ್ಕೆ ಒಂದಿಷ್ಟು ಉಸಿರು ಸೇರಿಸಿದರೆ ಅದು 'ಧನ'ವಾಗುತ್ತದೆ. ಹಳ್ಳಿಯ ಆಡುಮಾತಿಗೆ ಅಷ್ಟು ಉಸಿರು ಖರ್ಚು ಮಾಡುವ ರೂಢಿ ಇಲ್ಲ. ಹೀಗಾಗಿ ಅಲ್ಲಿ ದನವೂ ದನವೇ, ಧನವೂ ದನವೇ. ವ್ಯಾಕರಣ ಬಲ್ಲವರು ಇದನ್ನು ಅಶುದ್ಧವೆಂದು ತಿದ್ದಬಹುದು. ಆದರೆ ಅರ್ಥದ ಮಟ್ಟಿಗೆ ಹಳ್ಳಿಯವರದು ಅಂಥ ದೊಡ್ಡ ತಪ್ಪೇನಲ್ಲ. ಪ್ರಾಚೀನ ರೋಮಿನವರೂ ಹೀಗೇ ಮಾಡಿದ್ದರು. ಅವರ ಲ್ಯಾಟಿನ್ ಭಾಷೆಯಲ್ಲಿ ದನಕರುಗಳಿಗೆ 'ಪೆಕುಸ್' ಎಂದೂ ಹಣಕ್ಕೆ 'ಪೆಕೂನಿಯಾ' ಎಂದೂ ಹೆಸರು. ಎರಡನೆಯದು ಮೊದಲನೆಯದರಿಂದ ಹುಟ್ಟಿದ ಮಾತು. ಅಂದರೆ ಮನುಷ್ಯನ ಮೊದಲ ಬ್ಯಾಂಕು ಕೊಟ್ಟಿಗೆಯೇ. ಆ ಬ್ಯಾಂಕಿಗೆ ಹೊಟ್ಟೆ ಇತ್ತು, ಹಸಿವಾದರೆ ಕೂಗುತ್ತಿತ್ತು, ಅಷ್ಟೇ.

ಬೀದರಿನಿಂದ ಔರಾದಿಗೆ ಹೋಗುವ ದಾರಿಯಲ್ಲಿ ಜನವಾಡ ಸಿಗುತ್ತದೆ. ಅಲ್ಲಿಯ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಇಂಥ ಮನೆ ಆ ಸೀಮೆಯಲ್ಲಿ ಊರಿಗೆ ಹತ್ತಾರು ಇವೆ. ನಾಲ್ಕೈದು ಎಕರೆ ಹೊಲ, ಅದರಲ್ಲಿ ಮುಂಗಾರಿಗೆ ಸೋಯಾಬೀನು, ಜೊತೆಗೆ ತೊಗರಿಯ ಸಾಲು. ಮನೆಯಲ್ಲಿ ಯಜಮಾನ, ಅವನ ಹೆಂಡತಿ, ಎಪ್ಪತ್ತು ದಾಟಿದ ತಾಯಿ, ನರ್ಸಿಂಗ್ ಓದುತ್ತಿರುವ ಮಗಳು. ಕೊಟ್ಟಿಗೆಯಲ್ಲಿ ದೇವಣಿ ತಳಿಯ ಆಕಳು ಗಂಗಿ, ಅದರದೇ ಹೊಟ್ಟೆಯ ಹೋರಿ ರಾಜ. ಅಂಗಳದಲ್ಲಿ ನಾಲ್ಕು ಕೋಳಿ, ಯಾರೂ ತಂದದ್ದಲ್ಲದ, ತಾನಾಗಿಯೇ ಬಂದು ಸೇರಿಕೊಂಡ ಒಂದು ನಾಯಿ.

ಯಜಮಾನ ಬೆಳಿಗ್ಗೆ ರಸ್ತೆಬದಿಯ ಹೋಟೆಲಿಗೆ ಚಹಾ ಕುಡಿಯಲು ಹೋಗುತ್ತಾನೆ. ಅಲ್ಲಿ ಪೇಪರು ಓದುವವನೊಬ್ಬ, ಕೇಳುವವರು ಆರು ಜನ. ರಷ್ಯಾ ಏನು ಮಾಡಬೇಕು, ಅಮೇರಿಕದಲ್ಲಿ ಯಾರು ಗೆಲ್ಲಬೇಕು ಎಂಬುದೆಲ್ಲ ಅರ್ಧ ಕಪ್ ಚಹಾದಲ್ಲಿ ತೀರ್ಮಾನವಾಗುತ್ತದೆ. ಕೊನೆಗೆ ಯಾರಾದರೊಬ್ಬ, "ಅವರದು ಅವರಿಗಿರ್ಲಿ ಬಿಡ್ರಿ ಕಾಕಾ, ನಮ್ಮ ಹೊಲಕ್ಕೇನು ಬರ್ತಾರ ಅವರು?" ಎಂದು ಎದ್ದು ಹೋಗುತ್ತಾನೆ. ಸಭೆ ಬರಖಾಸ್ತಾಗುತ್ತದೆ. ಅವರು ಹೊಲಕ್ಕೆ ಬಂದು ಹೋಗಿ ಬಹಳ ದಿನವಾಗಿದೆ ಎಂಬುದು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ.

ಮನೆಯ ಪ್ರಾಣಿಗಳಲ್ಲಿ ನಾಯಿ ಮಹಾ ಭಾಗ್ಯಶಾಲಿ. ಅದರ ಖರ್ಚನ್ನು ಯಾರೂ ಬರೆದಿಡುವುದಿಲ್ಲ. ಮಿಕ್ಕ ಅರ್ಧ ರೊಟ್ಟಿ ಅದರ ಸಂಬಳ. ಅಪರಿಚಿತರನ್ನು ಕಂಡಾಗ ಬೊಗಳುವುದು, ಪರಿಚಿತರನ್ನು ಕಂಡಾಗಲೂ ಬೊಗಳುವುದು ಅದರ ಕೆಲಸ. ಹಾಗೆಂದು ನಾಯಿಗೆ ಜಗತ್ತಿನ ರಾಜಕಾರಣ ತಟ್ಟಿಯೇ ಇಲ್ಲವೆನ್ನುವಂತಿಲ್ಲ. 1957ರ ನವೆಂಬರ್ 3ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್-2ರಲ್ಲಿ ಕೂರಿಸಿ ಕಳಿಸಿದ ಲೈಕಾ, ಮಾಸ್ಕೋದ ಬೀದಿಯಲ್ಲಿ ಸಿಕ್ಕ ನಾಯಿ. ಅಮೇರಿಕಕ್ಕೆ ತನ್ನ ಸಾಮರ್ಥ್ಯ ತೋರಿಸುವ ಅವಸರ ಆ ದೇಶಕ್ಕಿತ್ತು. ವಾಪಸು ಕರೆತರುವ ವ್ಯವಸ್ಥೆ ಇರಲಿಲ್ಲ. ಕೆಲವೇ ಗಂಟೆಗಳಲ್ಲಿ ಸೆಕೆ ತಾಳಲಾರದೆ ಅದು ಸತ್ತಿತ್ತು ಎಂಬ ನಿಜ ಹೊರಬರಲು 2002 ಬರಬೇಕಾಯಿತು. ಜನವಾಡದ ನಾಯಿಗೆ ಸದ್ಯ ಅಂಥ ಭಯವಿಲ್ಲ. ಬೂದಿಗುಂಡಿಯಲ್ಲಿ ಸುತ್ತಿಕೊಂಡು ಮಲಗಿದೆ.

ಆದರೆ ಕೊಟ್ಟಿಗೆಯ ದನಗಳಿಗೆ ಲೆಕ್ಕ ಉಂಟು. 2024ರ ಸುಗ್ಗಿಯ ಮೇಲೆ ಮಗಳ ಕಾಲೇಜಿನ ಫೀಜು ಕಟ್ಟುವ ದಿನ ಹತ್ತಿರ ಬಂದಾಗ ಆ ಮನೆಯಲ್ಲೂ ಲೆಕ್ಕದ ವಹಿ ಹೊರಬಂತು. ಒಂದು ಕಡೆ ಹಿಂಡಿ, ಕಣಕಿ, ಔಷಧ. ಇನ್ನೊಂದು ಕಡೆ ಹಾಲು. ಮೊದಲ ಸಾಲು ಉದ್ದವಾಗುತ್ತ ಹೋಯಿತು, ಎರಡನೆಯದು ಅಲ್ಲೇ ನಿಂತಿತು. ದೇವಣಿ ಆಕಳು ಪರದೇಶಿ ಮಿಶ್ರತಳಿಯಂತೆ ಬಕೆಟ್ ತುಂಬ ಹಾಲು ಕೊಡುವಂಥದಲ್ಲ. ಬಿಸಿಲು ತಡೆಯುವುದು, ಸಿಕ್ಕದ್ದನ್ನು ತಿಂದು ಬದುಕುವುದು, ಹಾಲಿಗೂ ಗಳೆಗೂ ಎರಡಕ್ಕೂ ಒದಗುವುದು ಅದರ ಗುಣ. ಲಾತೂರು ಜಿಲ್ಲೆಯ ದೇವಣಿಯಿಂದ ಅದಕ್ಕೆ ಆ ಹೆಸರು ಬಂದರೂ ಬೀದರ, ಭಾಲ್ಕಿ, ಔರಾದ ಕೂಡ ಅದರ ತವರೇ. ಮೈಯೆಲ್ಲ ಬಿಳುಪಿನದು ಬಾಳಂಕ್ಯಾ, ಮುಖದ ಮೇಲೆ ಕಪ್ಪು ಇದ್ದರೆ ವನ್ನೇರಾ, ಕಪ್ಪು ಮಚ್ಚೆಯದು ಶೇವೇರಾ. ಇಷ್ಟು ಹೆಸರು ಇಟ್ಟು ಕರೆದವರು ಒಂದು ಕಾಲಕ್ಕೆ ಅದನ್ನು ಕಣ್ತುಂಬ ನೋಡಿದ್ದರೆಂದೇ ಅರ್ಥ. ಈಗ ಗಳೆ ಹೊಡೆಯಲು ಟ್ರ್ಯಾಕ್ಟರ್ ಬಂದಿದೆ. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚಲು ಮಾತ್ರ ಎತ್ತು ಬೇಕೆ ಎಂದು ಕೇಳುವವರು ಹೆಚ್ಚಾಗಿದ್ದಾರೆ.

ಸಾಕಿದ ಪ್ರಾಣಿಯನ್ನು ಮುಂದಿಟ್ಟುಕೊಂಡು ಹೀಗೆ ಲೆಕ್ಕ ಹಾಕಿದವರು ಬೀದರಿನಲ್ಲಿ ಇವರೇ ಮೊದಲಿಗರಲ್ಲ. 1470ರ ಆಸುಪಾಸಿನಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯಾದ ವರ್ತಕ ಇದೇ ಬೀದರಿಗೆ ಒಂದು ಗಂಡುಕುದುರೆಯೊಂದಿಗೆ ಬಂದಿದ್ದ. ವೋಲ್ಗಾ ನದಿಯ ದಂಡೆಯ ತ್ವೇರ್ ಅವನ ಊರು. ದಾರಿಯಲ್ಲಿ ದರೋಡೆಯಾಗಿ ಸರಕು ಕಳೆದುಕೊಂಡು, ಪರ್ಷಿಯಾ ದಾಟಿ, ಹೊರ್ಮುಜ್ ಬಂದರಿನಲ್ಲಿ ಹಡಗು ಹತ್ತಿ, ಕೊಂಕಣದ ಚೌಲ್‌ನಲ್ಲಿ ಇಳಿದ. ದಖ್ಖನಿನಲ್ಲಿ ಒಳ್ಳೆಯ ಕುದುರೆ ಹುಟ್ಟುವುದಿಲ್ಲ, ಬಹಮನಿ ಸುಲ್ತಾನರ ಸೈನ್ಯಕ್ಕೆ ಕುದುರೆ ಎಷ್ಟಿದ್ದರೂ ಸಾಲದು. ಹೀಗಾಗಿ ಒಂದು ಕುದುರೆ ಮಾರಿದರೆ ಕೈತುಂಬ ಹಣ ಎಂದು ಅವನ ಎಣಿಕೆ. ಜುನ್ನರಿಗೆ ಬಂದು ಮುಟ್ಟುವಾಗ ಆ ಕುದುರೆಗೆ 100 ರೂಬಲ್ ಬಿದ್ದಿತ್ತು. ಅಲ್ಲಿಯ ಖಾನ ಅದನ್ನು ಕಸಿದುಕೊಂಡು, ಮತ ಬದಲಿಸಿದರೆ ಕೊಡುತ್ತೇನೆ ಎಂದ. ಖುರಾಸಾನಿನಿಂದ ಬಂದ ಒಬ್ಬ ಅಧಿಕಾರಿ ನಡುವೆ ಬಂದು ಬಿಡಿಸಿದ. ಆ ಪುಣ್ಯಾತ್ಮ ಮುಸಲ್ಮಾನನೇ.

ನಿಕಿತಿನ್ ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡದ್ದು ಸ್ವಾರಸ್ಯವಾಗಿದೆ. ಈ ಕಡೆ ಕುದುರೆಗೆ ಕಡಲೆ ಹಾಕುತ್ತಾರಂತೆ, ಸಕ್ಕರೆ ಜಿಡ್ಡು ಸೇರಿಸಿ ಕಿಚಡಿ ಬೇಯಿಸಿ ತಿನ್ನಿಸುತ್ತಾರಂತೆ. ಕುದುರೆಗೆ ಆ ಯೋಗ, ಸವಾರನಿಗೆ ಏನು ಸಿಗುತ್ತಿತ್ತೋ! ಒಂದು ವರ್ಷ ಅದನ್ನು ಸಾಕಿ, ಅದಕ್ಕೆಂದು 68 ನಾಣ್ಯ ಖರ್ಚು ಮಾಡಿ, ಬೀದರಿನಲ್ಲಿ ಕ್ರಿಸ್ಮಸ್ ಹೊತ್ತಿಗೆ ಮಾರಿದ. ಖರ್ಚಿನ ಲೆಕ್ಕ ಬರೆದವನು ಎಷ್ಟಕ್ಕೆ ಮಾರಿದೆ ಎಂಬುದನ್ನು ಮಾತ್ರ ಬರೆಯಲಿಲ್ಲ. ಇಲ್ಲಿ ಸಿಗುವ ಸರಕು ತನ್ನ ನಾಡಿಗೆ ಒದಗುವಂಥದಲ್ಲ, ಸುಂಕವೂ ವಿಪರೀತ, ದಾರಿಯಲ್ಲಿ ಆಸೆ ಹುಟ್ಟಿಸಿದವರು ಸುಳ್ಳು ಹೇಳಿದರು ಎಂದು ಹಲುಬಿದ್ದಾನೆ. ವಾಪಸು ಹೋಗುವಾಗ ಊರು ಮುಟ್ಟದೆ, ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ. ಲೈಕಾ ಹಾರಿದ 1957ರಲ್ಲೇ ಭಾರತ ಮತ್ತು ಸೋವಿಯತ್ ದೇಶಗಳು ಕೂಡಿ ಅವನ ಕಥೆಯನ್ನು 'ಪರದೇಸಿ' ಎಂಬ ಚಿತ್ರ ಮಾಡಿದವು. ಬದುಕಿದ್ದಾಗ ಲಾಭ ಕಾಣದ ವ್ಯಾಪಾರಿ ಐದು ಶತಮಾನದ ಮೇಲೆ ಎರಡು ಸರ್ಕಾರಗಳ ಸ್ನೇಹಕ್ಕೆ ಉಪಯೋಗಕ್ಕೆ ಬಂದ.

ಆ ಕಾಲದಲ್ಲಿ ಬೀದರಿನ ಪ್ರಧಾನಿಯಾಗಿದ್ದ ಮಹಮೂದ್ ಗವಾನನೂ ಪರ್ಷಿಯಾದ ಗಿಲಾನಿನಿಂದ ಬಂದವನು. ಅವನ ಬಿರುದು ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ದೊರೆ. ರಾಜ್ಯಭಾರಕ್ಕೂ ವ್ಯಾಪಾರಕ್ಕೂ ನಂಟು ಎಷ್ಟು ಹಳೆಯದೆಂದು ಆ ಬಿರುದೇ ಹೇಳುತ್ತದೆ. ಮುಂದೆ ಪೋರ್ಚುಗೀಸರು 1510ರಲ್ಲಿ ಗೋವೆಯನ್ನೂ 1515ರಲ್ಲಿ ಹೊರ್ಮುಜನ್ನೂ ಹಿಡಿದದ್ದರಲ್ಲಿ ಕುದುರೆ ವ್ಯಾಪಾರದ ಲಗಾಮು ಹಿಡಿಯುವ ಆಸೆಯೂ ಇತ್ತು. ಈಗ ಹೊರ್ಮುಜ್ ಜಲಸಂಧಿಯ ಹೆಸರು ಕೇಳಿಬರುವುದು ಪೆಟ್ರೋಲು, ಡೀಸೆಲಿನ ಪ್ರಸ್ತಾಪ ಬಂದಾಗ. 2025ರ ಜೂನ್‌ನಲ್ಲಿ ಇರಾನಿನ ಮೇಲೆ ಬಾಂಬು ಬಿದ್ದಾಗ ಅದು ಮುಚ್ಚೀತೆಂಬ ಭಯಕ್ಕೆ ಎಣ್ಣೆಯ ದರ ಏರಿತು. ಕುದುರೆ ಹೋಗಿ ಕುದುರೆಶಕ್ತಿ ಬಂದಿದೆ. ಬಾಗಿಲು ಅದೇ.

ಇನ್ನು ಸೋಯಾಬೀನಿಗೆ ಬರೋಣ. ಆ ಕಾಳಿನಲ್ಲಿ ಎಣ್ಣೆ ಐದರಲ್ಲಿ ಒಂದು ಪಾಲೂ ತುಂಬುವುದಿಲ್ಲ. ಉಳಿದದ್ದು ಹೆಚ್ಚಿನಂಶ ಹಿಂಡಿ. ಎಣ್ಣೆ ಮನುಷ್ಯನಿಗೆ, ಹಿಂಡಿ ಕೋಳಿ ದನಗಳಿಗೆ. ಇವೆರಡನ್ನೂ ಜಗತ್ತಿಗೆಲ್ಲ ಹಂಚುವವರು ಬ್ರೆಜಿಲ್, ಅಮೇರಿಕ, ಅರ್ಜೆಂಟಿನಾ. ಭಾರತ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಏರಿಹೋದಾಗ ಸೂರ್ಯಕಾಂತಿ ಎಣ್ಣೆಯ ಹಡಗುಗಳು ನಿಂತವು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆಎಣ್ಣೆ ಹೊರಗೆ ಕಳಿಸುವುದನ್ನು ಕೆಲ ವಾರ ನಿಲ್ಲಿಸಿತು. ಜನವಾಡದ ಒಲೆಯ ಮೇಲಿನ ಬಾಣಲೆಯಲ್ಲಿ ಎಣ್ಣೆ ತಳಕ್ಕಿಳಿಯಿತು. 2024ರಲ್ಲಿ ಸೋಯಾಬೀನಿನ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ ಇದ್ದರೂ ಪೇಟೆಯ ದರ ಅದಕ್ಕಿಂತ ಕೆಳಗೆ ಕೂತಿತ್ತು. ರೈತರಿಗೆ ಅನುಕೂಲವಾಗಲೆಂದು ಆ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಗಿನ ಕಚ್ಚಾ ಎಣ್ಣೆಯ ಮೇಲೆ ಶೇ. 20 ಮೂಲ ಸುಂಕ ಹಾಕಿತು. 2025ರ ಮೇ ಕೊನೆಗೆ ಎಣ್ಣೆ ತುಟ್ಟಿಯಾಯಿತೆಂದು ಅದನ್ನು ಶೇ. 10ಕ್ಕೆ ಇಳಿಸಿತು. ಒಂದೇ ಮನೆಯಲ್ಲಿ ಹೊಲಕ್ಕೆ ಒಳ್ಳೆಯದಾದದ್ದು ಒಲೆಗೆ ಕೆಟ್ಟದ್ದು. ಗಂಡ ಸುಂಕ ಏರಲಿ ಎನ್ನಬೇಕು, ಹೆಂಡತಿ ಇಳಿಯಲಿ ಎನ್ನಬೇಕು. ಇಬ್ಬರೂ ಒಂದೇ ಜೇಬಿನ ಸಲುವಾಗಿ ಹೇಳುವ ಮಾತು.

ದರದಂತೆ ರೋಗಕ್ಕೂ ಗಡಿ ಇಲ್ಲ. 1929ರಲ್ಲಿ ಆಫ್ರಿಕದ ಜಾಂಬಿಯಾದಲ್ಲಿ ಮೊದಲು ಕಂಡ ದನಗಳ ಗಂಟುರೋಗ ಒಂಬತ್ತು ದಶಕ ನಡೆದು 2019ರಲ್ಲಿ ಭಾರತಕ್ಕೆ ಬಂತು. 2022ರಲ್ಲಿ ದೇಶದ ಉದ್ದಗಲಕ್ಕೂ ಹಬ್ಬಿತು. ಸೊಳ್ಳೆ, ನೊಣ, ಉಣ್ಣೆಗಳೇ ಅದರ ವಾಹನ. ಅವಕ್ಕೆ ಪಾಸ್‌ಪೋರ್ಟ್ ಕೇಳುವವರಿಲ್ಲ. ಆ ವರ್ಷ ಗಂಗಿಯ ಮೈಮೇಲೂ ಗಂಟು ಎದ್ದವು. ಮೇಕೆಯ ಸಿಡುಬಿಗೆಂದು ಮಾಡಿದ ಲಸಿಕೆಯನ್ನೇ ಆಗ ದನಗಳಿಗೂ ಹಾಕುತ್ತಿದ್ದರು. ವೈರಸ್ಸುಗಳೆರಡೂ ಒಂದೇ ಕುಲದವು. ಗಂಗಿಗೆ ಲಸಿಕೆಯ ಸರದಿ ಬರುವ ಮೊದಲೇ ರೋಗ ಬಂದಿತ್ತು. ಮುದುಕಿ ಹದಿನೈದು ದಿನ ಬೇವಿನ ಸೊಪ್ಪಿನ ಹೊಗೆ ಹಾಕಿ ನೊಣ ಓಡಿಸುತ್ತ ಕೊಟ್ಟಿಗೆಯಲ್ಲೇ ಮಲಗಿದಳು. ಆಕಳು ಉಳಿಯಿತು. ಆ ಹದಿನೈದು ರಾತ್ರಿಗಳನ್ನು ಲೆಕ್ಕದ ವಹಿಯಲ್ಲಿ ಯಾವ ಸಾಲಿಗೆ ಬರೆಯಬೇಕು?

ಮುದುಕಿಗೆ ನೋಟಿನ ಮೇಲೆ ಅಂಥ ನಂಬಿಕೆಯಿಲ್ಲ. ಅವಳ ಅತ್ತೆ ನಿಜಾಮರ ಹಾಲಿ ಸಿಕ್ಕಾ ನೋಡಿದವಳು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ ಎಂಬುದು ಆಗಿನ ಲೆಕ್ಕ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದು ಶರಣಾಯಿತು, 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಬಂತು, 1957ರ ಏಪ್ರಿಲ್ 1ರಿಂದ ಆಣೆ ಹೋಗಿ ನಯಾಪೈಸೆ ಬಂತು, 1959ಕ್ಕೆ ಹಾಲಿ ಸಿಕ್ಕಾದ ಕಾಲವೂ ಮುಗಿಯಿತು. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ನಡೆಯುವುದಿಲ್ಲವೆಂದಾಗ ಮುದುಕಿ ಜೋಳದ ಡಬ್ಬಿಯಿಂದ ಮೂರು ನೋಟು ತೆಗೆದು ಮಗನ ಮುಂದಿಟ್ಟು, "ಇವುಕ್ಕ ಕೊಂಬಿದ್ರ ಕಟ್ಟಿ ಹಾಕ್ತಿದ್ದೆ" ಅಂದಳಂತೆ.

ವಹಿ ಹಿಡಿದು ಕೂತ ಮಗನಿಗೂ ಅವಳು ಹೇಳಿದ್ದು ಇದೇ ಧಾಟಿಯಲ್ಲಿ.

"ಲೆಕ್ಕ ಬರಿತಿ ಅಂದ್ರ ಎಲ್ಲಾ ಬರಿ. ಇದರ ಅವ್ವನ ಹಾಲು ಕುಡದು ನೀ ದೊಡ್ಡಾಂವ ಆದಿ."

"ಅದಕ್ಕ ಎಷ್ಟಂತ ರೊಕ್ಕ ಹಚ್ಚಲಿ ಯವ್ವಾ?"

"ಹಚ್ಚಲಾಕ ಬರಲ್ಲ ಅಂದ್ರ ಬಿಡು, ಮಾರಬ್ಯಾಡ."

ಮೊಮ್ಮಗಳು ನಡುವೆ ಬಾಯಿ ಹಾಕಿ, "ಆಯಿ, ನನ್ನ ಫೀಜಿನ ಸಲುವಾಗಿ ಯಾವುದೂ ಮಾರಬ್ಯಾಡ್ರಿ, ನಾ ಮುಂದಿನ ವರ್ಷ ಹೋಗ್ತೀನಿ" ಅಂದಳು. ಆಗ ಮುದುಕಿಯ ಮಾತು ನಿಂತಿತು. ಹುಡುಗಿಯ ಒಂದು ವರ್ಷಕ್ಕೂ ದರ ಹಚ್ಚಲು ಬರುವುದಿಲ್ಲವೆಂಬುದು ಅವಳಿಗೂ ಗೊತ್ತು. ಎರಡು ದಿನ ಬಿಟ್ಟು ಅವಳೇ ಹೇಳಿದಳು: ಗಂಗಿ ಇರಲಿ, ರಾಜನನ್ನು ಸಂತೆಗೆ ಹೊಡೆಯಿರಿ, ಗಳೆ ಹೊಡೆಯುವ ಮನೆ ನೋಡಿ ಕೊಡಿ.

ಸಂತೆಯಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿದ. ದನದ ದರ ಬಾಯಿಂದ ಆಡುವ ಮಾತಲ್ಲ; ಬೆರಳಿಗೂ ಬೆರಳಿಗೂ ನಡುವೆ ಮುಗಿಯುವಂಥದು. ಭಾಲ್ಕಿ ಕಡೆಯ ಒಬ್ಬ ರೈತ ಹೋರಿಯ ಹೆಗಲು ಮುಟ್ಟಿ ನೋಡಿ ಒಪ್ಪಿಕೊಂಡ. ಅವನ ಮನೆಯಲ್ಲಿ ಇದಕ್ಕೆ ಜೋಡಿಯಾಗುವ ಇನ್ನೊಂದು ದೇವಣಿ ಇತ್ತಂತೆ. ಯಜಮಾನ ಹೊಸ ಹಗ್ಗ ಕೊಟ್ಟು, ಹಳೆಯದನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಂದ. ಮುದುಕಿ ಹಾಗೇ ಹೇಳಿ ಕಳಿಸಿದ್ದಳು.

ಮರುದಿನ ಹೋಟೆಲಿನಲ್ಲಿ ಪೇಪರು ಓದುವವನು ಅಮೇರಿಕದ ಚುನಾವಣೆ ಮುಗಿಸಿ, "ಹೋರಿ ಎಷ್ಟಕ್ಕ ಹೋಯ್ತು?" ಎಂದು ಕೇಳಿದ. ಯಜಮಾನ ಚಹಾ ಮುಗಿಸಿ, ಕಪ್ಪು ಕೆಳಗಿಟ್ಟು, "ಹೋಯ್ತು" ಅಂದ. ದರ ಹೇಳಲಿಲ್ಲ. ಆ ದಿನವೇ ಫೀಜು ಕಟ್ಟಿದ್ದಾಯಿತು. ಹಳೆಯ ಹಗ್ಗ ಕೊಟ್ಟಿಗೆಯ ಗೂಟಕ್ಕೆ ತೂಗುತ್ತಿದೆ. ಗಂಗಿ ಮತ್ತೆ ಗಬ್ಬವಾಗಿದೆ.