ಹಿಗ್ಗಿ ಮರಳುವ ಉಕ್ಕು

ನಮ್ಮ ತಂದೆಯವರದು ಹಳೆಯ ಸ್ಟಾಂಡರ್ಡ್ ಹೆರಾಲ್ಡ್ ಕಾರು. 1961ರಿಂದ ಮದರಾಸಿನಲ್ಲಿ ತಯಾರಾಗುತ್ತಿದ್ದ ಮಾದರಿ. ಅದರ 948 ಸಿ.ಸಿ. ಎಂಜಿನ್ನಿನ ವಂಶದ್ದೇ, 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರಿನ ಎಂಜಿನ್ನೂ. ಅಪ್ಪನಿಗೆ ಆ ನೆಂಟಸ್ತಿಕೆಯ ಹೆಮ್ಮೆ.

ಸಿಲಿಂಡರ್ ಹೆಡ್ಡಿನ ಸ್ಟಡ್ಡುಗಳ ಥ್ರೆಡ್ ಸವೆದಾಗ ನಾನು ಬ್ಯಾಂಕ್ ಗುಮಾಸ್ತನ ಬುದ್ಧಿ ತೋರಿಸಿದೆ. ಮೆದು ಉಕ್ಕಿನ ಸಲಾಕೆ ಕೊಟ್ಟು ಲೇತಿನಲ್ಲಿ ಅಗ್ಗಕ್ಕೆ ಮಾಡಿಸಿದೆ. ಹೊಸೂರಿನಿಂದ ಕೃಷ್ಣಗಿರಿಗೆ ಹೊರಟೆವು. ಶೂಲಗಿರಿಯ ಹತ್ತಿರ ಗ್ಯಾಸ್ಕೆಟ್ ಹೋಗಿ ಹಬೆ ಎದ್ದಿತು. ಎಂಬತ್ತರ ಅಪ್ಪ ಮೋರಿಕಟ್ಟೆಯ ಮೇಲೆ ಸುಮ್ಮನೆ ಕುಳಿತರು. ಬೈದಿದ್ದರೆ ವಾಸಿಯಿತ್ತು.

ಹೆಡ್ ಬಿಚ್ಚಿದವರು ನಮ್ಮ ಬೀದಿಯ ಮಲಯಾಳಿ ಮೆಕ್ಯಾನಿಕ್. ನಾನು ಅವರನ್ನು ಚೇಟ್ಟ ಎನ್ನುತ್ತೇನೆ. "ಸಾರ್, ಸ್ಟಡ್ಡು ಮೊಳೆಯಲ್ಲ, ಸ್ಪ್ರಿಂಗು. ನಟ್ಟು ಬಿಗಿದಾಗ ಕೂದಲೆಳೆಯಷ್ಟು ಹಿಗ್ಗಬೇಕು, ಮರಳಿ ಕುಗ್ಗಲು ಎಳೆಯುತ್ತಿರಬೇಕು. ಹೆಡ್ಡನ್ನು ಹಿಡಿಯುವುದು ಆ ಎಳೆತವೇ. ನಿಮ್ಮದು ಹಿಗ್ಗಿತು, ಹಾಗೇ ಉಳಿದುಬಿಟ್ಟಿತು" ಎಂದರು.

ಈ ಸಲ 8.8 ದರ್ಜೆಗೆ ಸಮನಾದ ಉಕ್ಕು ಆರಿಸಿದೆವು. ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಾಳುವಂಥದು. ಅದರಲ್ಲಿ ನೂರಕ್ಕೆ ಸುಮಾರು 80ರವರೆಗೆ ಎಳೆದರೂ ಮೊದಲಿನ ಅಳತೆಗೆ ಮರಳುವಂಥದು. ಚೇಟ್ಟ ಸ್ಟಡ್ಡುಗಳನ್ನು ಬ್ಲಾಕಿಗೆ ಕೈಬಿಗಿಯಷ್ಟೇ ತಿರುಗಿಸಿ, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಟಾರ್ಕ್ ವ್ರೆಂಚಿನಿಂದ ಹಂತಹಂತವಾಗಿ ಬಿಗಿದರು.

ಮತ್ತೆ ಅದೇ ದಾರಿ. ಅಪ್ಪ ಬಾನೆಟ್ಟನ್ನೇ ದಿಟ್ಟಿಸುತ್ತ ಕುಳಿತಿದ್ದರು. ಆ ಮೋರಿ ದಾಟಿದ ಮೇಲೆ ಪಕ್ಕಕ್ಕೆ ತಿರುಗಿ ನೋಡಿದೆ. ಅವರಿಗೆ ನಿದ್ದೆ ಹತ್ತಿತ್ತು.